ಆಂಟಾಪ್ ಹಿಲ್ ಪಕ್ಕದ ಕೋಲಿವಾಡ: ತಪ್ಪು ಕಲ್ಪನೆ ಮತ್ತು ಸತ್ಯ

ವಡಾಲಾ ಮತ್ತು ಸಯನ್ ನಡುವಿನ ಆಂಟಾಪ್ ಹಿಲ್ ಮುಂಬಯಿ ಕನ್ನಡಿಗರಿಗೆ ಹೊಸ ಜಾಗವಲ್ಲ. ವಡಾಲಾದ ಎನ್‌ಕೆಇಎಸ್ ಶಾಲೆ, 1926ರಲ್ಲಿ ಶುರುವಾದ ಮಾಟುಂಗದ ಮೈಸೂರು ಅಸೋಸಿಯೇಷನ್ ಎರಡೂ ಇಲ್ಲಿಂದ ದೂರವಿಲ್ಲ. ಕೇಂದ್ರ ಸರ್ಕಾರದ ನೌಕರಿ ಹಿಡಿದು ಬಂದವರು ಇಲ್ಲಿನ ಸಿಜಿಎಸ್ ಕಾಲೊನಿಯ ಕ್ವಾರ್ಟರ್ಸಿನಲ್ಲಿ ವರ್ಷಗಟ್ಟಲೆ ಸಂಸಾರ ಮಾಡಿದ್ದಾರೆ. ಅವರೆಲ್ಲ ಬಸ್ಸಿನ ಬೋರ್ಡಿನಲ್ಲೋ ಮತದಾರರ ಚೀಟಿಯಲ್ಲೋ ಸಯನ್ ಕೋಲಿವಾಡ ಎಂಬ ಹೆಸರು ಓದಿಯೇ ಇರುತ್ತಾರೆ. ಆ ಹೆಸರು ಕೊಟ್ಟ ಊರು ಇವತ್ತಿಗೂ ಅಲ್ಲೇ ಇದೆ. ಮಹಾನಗರದ ನಡುವೆ ಸಿಕ್ಕಿಕೊಂಡ ಕೋಲಿ ಮೀನುಗಾರರ ಹಳ್ಳಿ ಅದು. ಅದರ ಜನರ ಬಗ್ಗೆ ನಮ್ಮಲ್ಲಿ ಹರಡಿರುವ ಮಾತುಗಳಲ್ಲಿ ಅರ್ಧಕ್ಕರ್ಧ ತಪ್ಪು. ಈ ತಪ್ಪುಗಳು ಕಟ್ಟೆಹರಟೆಗೆ ನಿಲ್ಲುವುದಿಲ್ಲ. ಯಾರ ಮನೆ ಉಳಿಯಬೇಕು, ಯಾರಿಗೆ ಮೀಸಲಾತಿ ಸಿಗಬೇಕು ಎಂಬ ತೀರ್ಮಾನಗಳ ಒಳಗೂ ಇವು ನುಸುಳುತ್ತವೆ. ಆದ್ದರಿಂದ ಒಂದೊಂದಾಗಿ ನೋಡೋಣ.

ತಪ್ಪು ಕಲ್ಪನೆ 1: ಪ್ರಾನ್ಸ್ ಕೋಲಿವಾಡ ಕೋಲಿಗಳ ಸಾಂಪ್ರದಾಯಿಕ ಅಡುಗೆ

ಸತ್ಯ: ಹೆಸರು ಕೋಲಿವಾಡದ್ದು, ಕೈ ಪಂಜಾಬಿಗಳದ್ದು. 1947ರ ವಿಭಜನೆಯಲ್ಲಿ ಮನೆಮಠ ಕಳೆದುಕೊಂಡು ಬಂದ ಪಂಜಾಬಿ ಮತ್ತು ಸಿಂಧಿ ಕುಟುಂಬಗಳಿಗೆ ಸಯನ್ ಕೋಲಿವಾಡದ ಪಕ್ಕದಲ್ಲೇ ನೆಲೆ ಸಿಕ್ಕಿತು. ಅಲ್ಲಿ ಹೋಟೆಲು ತೆರೆದ ಪಂಜಾಬಿಗಳು ಅಮೃತಸರದ ಮೀನು ಪಕೋಡದ ರೀತಿಯಲ್ಲೇ ಇಲ್ಲಿನ ತಾಜಾ ಸಿಗಡಿಯನ್ನು ಕರಿದರು. ಕಡಲೆಹಿಟ್ಟು, ಓಮ, ಕೆಂಪು ಮೆಣಸಿನಪುಡಿ ಹಾಕಿದ ಆ ಹದ ಉತ್ತರದ್ದು.

ಕೋಲಿ ಮನೆಯ ಒಲೆಯ ಮೇಲೆ ಕಾಣುವುದೇ ಬೇರೆ. ಬೊಂಬಿಲ್ ಮೀನು ಮೈತುಂಬ ನೀರು ಹಿಡಿದುಕೊಂಡಿರುತ್ತದೆ. ತಲೆ, ರೆಕ್ಕೆ ಕತ್ತರಿಸಿ, ಹೊಟ್ಟೆ ಸೀಳಿ ಹರವಿ, ಎರಡು ಹಲಗೆಗಳ ನಡುವೆ ಇಟ್ಟು ಮೇಲೆ ಭಾರ ಹೇರುತ್ತಾರೆ. ನೀರೆಲ್ಲ ಇಳಿದ ಮೇಲೆಯೇ ಉಪ್ಪು, ಅರಿಸಿನ, ಮನೆಯ ಮಸಾಲೆ ಸವರಿ ರವೆಯಲ್ಲಿ ಹೊರಳಿಸಿ ಕಾವಲಿಗೆ ಹಾಕುವುದು. ಜೊತೆಗೆ ಅಕ್ಕಿ ಭಾಕರಿ, ತೆಂಗಿನಕಾಯಿ ಅರೆದ ಹುಳಿ ಸಾರು. ಮಂಗಳೂರು, ಉಡುಪಿಯ ಕಡೆಯವರು ಆ ತಟ್ಟೆಯ ಮುಂದೆ ಕೂತರೆ ಪರಿಚಯ ಮಾಡಿಕೊಡಬೇಕಾಗಿಲ್ಲ.

ತಪ್ಪು ಕಲ್ಪನೆ 2: ಬ್ರಿಟಿಷರು ಬರುವ ಮೊದಲು ಇಲ್ಲಿ ಜೌಗು ಬಿಟ್ಟರೆ ಏನೂ ಇರಲಿಲ್ಲ

ಸತ್ಯ: ಇಂಗ್ಲೆಂಡಿನ ದೊರೆ ಎರಡನೆಯ ಚಾರ್ಲ್ಸನ ಮದುವೆಯ ಒಪ್ಪಂದದಲ್ಲಿ ಪೋರ್ಚುಗೀಸರು ಮುಂಬಯಿಯನ್ನು ಬರೆದುಕೊಟ್ಟದ್ದು 1661ರಲ್ಲಿ. 1668ರಲ್ಲಿ ದೊರೆ ಅದನ್ನು ವರ್ಷಕ್ಕೆ ಹತ್ತು ಪೌಂಡಿಗೆ ಈಸ್ಟ್ ಇಂಡಿಯಾ ಕಂಪನಿಗೆ ಗುತ್ತಿಗೆ ಕೊಟ್ಟ. ಈ ಕೊಡುಕೊಳ್ಳುವಿಕೆ ನಡೆಯುವ ಎಷ್ಟೋ ಮೊದಲೇ ಕೊಲಾಬಾ, ಮಜಗಾಂವ್, ವರಳಿ, ಮಾಹಿಮ್ ದ್ವೀಪಗಳ ಅಂಚಿನಲ್ಲಿ ಕೋಲಿಗಳ ವಾಡಿಗಳಿದ್ದವು. ನಗರಕ್ಕೆ ಹೆಸರು ಕೊಟ್ಟ ಮುಂಬಾದೇವಿ ಮೂಲತಃ ಕೋಲಿಗಳ ದೇವತೆ.

ಸಯನ್ ಆಗ ಕಂಪನಿಯ ಸರಹದ್ದು. ಖಾಡಿಯ, ಅಂದರೆ ಉಪ್ಪುನೀರಿನ ತೊರೆಯ, ಆಚೆ ಸಾಷ್ಟಿ ದ್ವೀಪ ಪೋರ್ಚುಗೀಸರ ಕೈಯಲ್ಲಿತ್ತು. ಅದಕ್ಕೇ ಗವರ್ನರ್ ಜೆರಾರ್ಡ್ ಆಂಜಿಯರನ ಕಾಲದಲ್ಲಿ, 1669ರಿಂದ 1677ರ ನಡುವೆ, ಸಯನ್ ಗುಡ್ಡದ ಮೇಲೆ ಕೋಟೆ ಎದ್ದಿತು. ಆಂಟಾಪ್ ಹಿಲ್, ವಡಾಲಾ ಕಡೆ ಹರಡಿದ್ದು ಉಪ್ಪಿನ ಆಗರಗಳು. ಖಾಲಿ ಜಾಗವೆಂದು ಕಾಣುವ ಆ ಬಯಲು ದುಡಿಮೆಯ ನೆಲವಾಗಿತ್ತು. ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ ನಡೆದ 1930ರಲ್ಲೇ, ಜೂನ್ 1ರಂದು, ಸುಮಾರು 15,000 ಜನ ವಡಾಲಾದ ಉಪ್ಪಿನ ಆಗರಕ್ಕೆ ನುಗ್ಗಿದ್ದರು.

ತಪ್ಪು ಕಲ್ಪನೆ 3: ಸಯನ್ ಕೋಲಿವಾಡದಲ್ಲಿ ಇರುವವರೆಲ್ಲ ಕೋಲಿಗಳು

ಸತ್ಯ: ಇವತ್ತು ಆ ಹೆಸರಿನ ಪ್ರದೇಶದಲ್ಲಿ ಕೋಲಿಗಳದ್ದು ಅನೇಕ ಸಮುದಾಯಗಳ ನಡುವೆ ಒಂದು ಸಮುದಾಯ. ಹಾರ್ಬರ್ ಲೈನಿನ ಗುರು ತೇಗ್ ಬಹದ್ದೂರ್ ನಗರ ಸ್ಟೇಷನ್ನಿನ ಹಳೆಯ ಹೆಸರು ಕೋಲಿವಾಡ ಎಂದೇ ಇತ್ತು. ಪಂಜಾಬಿ ನಿರಾಶ್ರಿತರ ಕ್ಯಾಂಪು ಬೆಳೆದ ಮೇಲೆ ಸಿಖ್ ಗುರುವಿನ ಹೆಸರು ಬಂತು. ತಮಿಳರು, ಉತ್ತರ ಪ್ರದೇಶದವರು, ಮರಾಠಿಗರು, ತುಳುವರು, ಕನ್ನಡಿಗರು ಎಲ್ಲರೂ ಇಲ್ಲಿ ಬೇರು ಬಿಟ್ಟಿದ್ದಾರೆ.

ಇದನ್ನು ತಿಳಿಯಲು ಚುನಾವಣೆಯ ಫಲಿತಾಂಶ ನೋಡಿದರೂ ಸಾಕು. 2008ರ ಕ್ಷೇತ್ರ ಮರುವಿಂಗಡಣೆಯಲ್ಲಿ ಸಯನ್ ಕೋಲಿವಾಡ ವಿಧಾನಸಭಾ ಕ್ಷೇತ್ರ ರೂಪುಗೊಂಡಿತು. ಆಂಟಾಪ್ ಹಿಲ್ ಅದರೊಳಗೇ ಬರುತ್ತದೆ. 2009ರಲ್ಲಿ ಗೆದ್ದವರು ಕಾಂಗ್ರೆಸ್ಸಿನ ಜಗನ್ನಾಥ ಶೆಟ್ಟಿ. 2014, 2019, 2024ರಲ್ಲಿ ಸತತ ಮೂರು ಬಾರಿ ಗೆದ್ದವರು ಬಿಜೆಪಿಯ ಕ್ಯಾಪ್ಟನ್ ಆರ್. ತಮಿಳ್ ಸೆಲ್ವನ್. ಊರಿನ ಹೆಸರು ಕೋಲಿಗಳದ್ದು, ಮತಪೆಟ್ಟಿಗೆಯಲ್ಲಿ ಅವರ ತೂಕ ಸಣ್ಣದು. ಬಂದವರಿಗೆಲ್ಲ ಜಾಗ ಕೊಟ್ಟ ಊರು ಇದು. ಹಾಗೆ ಜಾಗ ಕೊಟ್ಟವರೇ ತಮ್ಮ ನೆಲದಲ್ಲಿ ಅಲ್ಪಸಂಖ್ಯಾತರಾದರು ಎಂಬುದನ್ನು, ವಲಸೆ ಬಂದು ಬದುಕು ಕಟ್ಟಿಕೊಂಡ ನಾವೂ ನೆನಪಿಡಬೇಕು.

ತಪ್ಪು ಕಲ್ಪನೆ 4: ಕೋಲಿಗಳೆಲ್ಲ ಸಮುದ್ರಕ್ಕೆ ಹೋಗುವವರು, ಮೀನುಗಾರಿಕೆ ಗಂಡಸರ ಕಸುಬು

ಸತ್ಯ: ವರಳಿ ಅಥವಾ ವರ್ಸೋವಾದ ಕೋಲಿವಾಡಕ್ಕೆ ಹೋದರೆ ಎದುರಿಗೇ ಕಡಲು, ದಡದಲ್ಲಿ ದೋಣಿ. ಸಯನ್ನಿನ ಕತೆ ಹಾಗಲ್ಲ. ಸುತ್ತಲ ಜೌಗು, ಉಪ್ಪಿನ ಆಗರಗಳನ್ನು ತುಂಬಿ ನಗರ ಬೆಳೆದಂತೆ ನೀರು ದೂರ ಸರಿಯಿತು. ಉಳಿದ ಖಾಡಿಗೆ ಕೊಳಚೆ ಸೇರಿತು. ಪಕ್ಕದ ಧಾರಾವಿಯ ಕೋಲಿವಾಡದ್ದೂ ಇದೇ ಹಣೆಬರಹ. ಬಲೆ ಬಿಟ್ಟ ಮನೆಗಳ ಮಕ್ಕಳು ಓದಿ ಕಚೇರಿ, ಬ್ಯಾಂಕು, ಪಾಲಿಕೆಯ ಕೆಲಸಗಳಿಗೆ ಸೇರಿದರು. ಹಾಗೆಂದು ಅವರು ಕೋಲಿಗಳಲ್ಲದೇ ಹೋಗಲಿಲ್ಲ. ಊರು ಬಿಟ್ಟು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಬರೆಯುವ ಮೊಗವೀರ ಹುಡುಗ ಮೊಗವೀರನೇ ಅಲ್ಲವೇ?

ಇನ್ನು ಕಸುಬಿನ ವಿಚಾರ. ದೋಣಿ ದಡ ಮುಟ್ಟುವವರೆಗೆ ಗಂಡಸರ ಕೆಲಸ, ಮುಟ್ಟಿದ ಮೇಲೆ ಹೆಂಗಸರ ಆಡಳಿತ. 1875ರಲ್ಲಿ ಕಟ್ಟಿದ ಸಸೂನ್ ಡಾಕ್‌ನಲ್ಲೂ ಭಾವುಚಾ ಧಕ್ಕಾದಲ್ಲೂ ಬೆಳಕು ಹರಿಯುವ ಮೊದಲೇ ಹರಾಜು ಶುರು. ಬುಟ್ಟಿಯ ಮೀನನ್ನು ಮೇಲೆ ಕೆಳಗೆ ಮಾಡಿ, ಕಿವಿರು ಎತ್ತಿ ಕೆಂಪು ನೋಡಿ, ದರ ಕೂಗಿ ಹಿಡಿಯುವವರು ಕೋಲಿ ಹೆಂಗಸರು. ಅಲ್ಲಿಂದ ತಂದು, ಐಸು ಹಾಕಿ, ತಮ್ಮ ಮಾರ್ಕೆಟ್ಟಿನ ಕಟ್ಟೆಯ ಮೇಲೆ ಮೀನು ಕೊಯ್ಯುವ ಕೊಯ್ತಾ ಹಿಡಿದು ಕೂರುತ್ತಾರೆ. ಸಾಲ ಕೊಡುವುದು, ವಸೂಲಿ ಮಾಡುವುದು, ಗಿರಾಕಿಯ ಮುಖ ನೋಡಿ ದರ ಇಳಿಸುವುದು ಎಲ್ಲ ಅವರದೇ. ಜೂನ್ 1ರಿಂದ ಜುಲೈ 31ರವರೆಗೆ ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳಿಗೆ ನಿಷೇಧವಿರುವಾಗ ಒಣಮೀನಿನ ವ್ಯಾಪಾರದಿಂದ ಮನೆ ನಡೆಸುವವರೂ ಅವರೇ. ಸಮುದ್ರವಿಲ್ಲದ ಕೋಲಿವಾಡದಲ್ಲೂ ಕಸುಬು ಉಳಿದಿದ್ದರೆ ಅದು ಈ ಹೆಂಗಸರಿಂದ.

ತಪ್ಪು ಕಲ್ಪನೆ 5: ಕೋಲಿ ಎಂದರೆ ಒಂದೇ ಜಾತಿ, ಎಲ್ಲರೂ ಪರಿಶಿಷ್ಟ ಪಂಗಡದವರು

ಸತ್ಯ: ಇಲ್ಲಿ ಗೊಂದಲ ಹೆಚ್ಚು. ಮಹಾರಾಷ್ಟ್ರದ ಪರಿಶಿಷ್ಟ ಪಂಗಡಗಳ ಪಟ್ಟಿಯಲ್ಲಿರುವುದು ಮಹಾದೇವ ಕೋಲಿ, ಮಲ್ಹಾರ ಕೋಲಿ, ಟೋಕ್ರೆ ಕೋಲಿಯಂಥ ಸಮುದಾಯಗಳು. ಮಹಾದೇವ ಕೋಲಿಗಳದ್ದು ಸಹ್ಯಾದ್ರಿಯ ಬೆಟ್ಟದ ಬದುಕು, ಬೇಸಾಯ. ಮುಂಬಯಿ ಕರಾವಳಿಯಲ್ಲಿ ಹೆಚ್ಚಾಗಿರುವ ಸೋನ್ ಕೋಲಿಗಳು ಆ ಪಟ್ಟಿಯಲ್ಲಿಲ್ಲ. ರಾಜ್ಯದ ವಿಶೇಷ ಹಿಂದುಳಿದ ವರ್ಗದಲ್ಲಿ ಅವರಿಗೆ ಜಾಗ. ನಗರದ ಮೂಲನಿವಾಸಿಗಳು ಎಂದು ಭಾಷಣದಲ್ಲಿ ಹೊಗಳಿಸಿಕೊಳ್ಳುವವರಿಗೆ ಕಾನೂನಿನಲ್ಲಿ ಆದಿವಾಸಿಯ ಸ್ಥಾನವಿಲ್ಲ.

ಧರ್ಮವೂ ಒಂದೇ ಅಲ್ಲ. ಕಾರ್ಲಾದ ಏಕವೀರಾ ದೇವಿಗೆ ನಡೆದುಕೊಳ್ಳುವವರು ಬಹಳ. ಪೋರ್ಚುಗೀಸರ ಕಾಲದಲ್ಲಿ ಕ್ರೈಸ್ತರಾದ ಕೋಲಿಗಳೂ ಇದ್ದಾರೆ.

ನಮ್ಮ ಕಡೆಯ ಹೋಲಿಕೆಯಲ್ಲೂ ಎಚ್ಚರ ಬೇಕು. ಕಲಬುರಗಿ, ಯಾದಗಿರಿ, ಬೀದರಿನ ಕೋಲಿ, ಕಬ್ಬಲಿಗ, ಅಂಬಿಗ ಸಮುದಾಯಗಳು ಕರ್ನಾಟಕದಲ್ಲಿ ಪ್ರವರ್ಗ 1ರಲ್ಲಿವೆ. ಪರಿಶಿಷ್ಟ ಪಂಗಡಕ್ಕೆ ಸೇರಿಸಬೇಕೆಂಬ ಅವರ ಬೇಡಿಕೆ ಹಳೆಯದು. ಆದರೆ ಕೋಲಿ ಢೋರ್, ಟೋಕ್ರೆ ಕೋಲಿ ಹೆಸರುಗಳು ಕರ್ನಾಟಕದ ಪರಿಶಿಷ್ಟ ಪಂಗಡಗಳ ಪಟ್ಟಿಯಲ್ಲಿ ಇವೆ. ಇನ್ನು ಮುಂಬಯಿಯಲ್ಲಿ ಮೀನಿನ ಕಸುಬು ಮಾಡುವ ಮೊಗವೀರರು ಕೋಲಿಗಳೇ ಅಲ್ಲ. ಕರಾವಳಿಯಿಂದ ಬಂದ ಅವರು 1902ರಲ್ಲೇ ಈ ನಗರದಲ್ಲಿ ಮೊಗವೀರ ವ್ಯವಸ್ಥಾಪಕ ಮಂಡಳಿ ಕಟ್ಟಿಕೊಂಡರು. ಕಸುಬು ಒಂದಾದ ಮಾತ್ರಕ್ಕೆ ಕುಲ, ಭಾಷೆ, ಕಾನೂನಿನ ಹಕ್ಕು ಒಂದಾಗುವುದಿಲ್ಲ.

ತಪ್ಪು ಕಲ್ಪನೆ 6: ಕೋಲಿವಾಡವೂ ಒಂದು ಕೊಳೆಗೇರಿ, ಕೆಡವಿ ಫ್ಲ್ಯಾಟ್ ಕೊಟ್ಟರೆ ಅವರಿಗೇ ಒಳ್ಳೆಯದು

ಸತ್ಯ: ಎಲ್ಲಕ್ಕಿಂತ ಹೆಚ್ಚು ಹಾನಿ ಮಾಡಿದ ತಪ್ಪು ಇದು. ಓಣಿ ಇಕ್ಕಟ್ಟು, ಮನೆಗೆ ಮನೆ ತಾಗಿದೆ, ಮೀನಿನ ವಾಸನೆ ಇದೆ ಎಂಬ ಕಾರಣಕ್ಕೆ ಕೊಳೆಗೇರಿ ಎನ್ನುತ್ತಾರೆ. ಆದರೆ ಕೋಲಿವಾಡ ಯಾರದೋ ಜಾಗದಲ್ಲಿ ಎದ್ದ ಜೋಪಡಿಗಳ ಸಾಲಲ್ಲ. ನಗರಕ್ಕಿಂತ ಮೊದಲಿನ ಗ್ರಾಮಠಾಣ ಅದು. ಗಲ್ಲಿಯ ಅಗಲವನ್ನು ಹಳ್ಳಿಯ ಕಾಲದಲ್ಲಿ ನಿರ್ಧರಿಸಿದ್ದು. ಲಾರಿ ಹೋಗುವುದಿಲ್ಲ ಎಂಬುದು ಅದರ ತಪ್ಪಲ್ಲ.

ಹೆಸರಿನಲ್ಲೇನಿದೆ ಎನ್ನುವಂತಿಲ್ಲ. ಮಹಾರಾಷ್ಟ್ರದ ಕೊಳೆಗೇರಿ ಕಾಯ್ದೆ 1971ರದ್ದು, ಕೊಳೆಗೇರಿ ಪುನರ್ವಸತಿ ಪ್ರಾಧಿಕಾರ ಬಂದದ್ದು 1995ರಲ್ಲಿ. ಒಮ್ಮೆ ಕೊಳೆಗೇರಿ ಎಂದು ಘೋಷಣೆಯಾದರೆ ಬಿಲ್ಡರು ಯೋಜನೆ ಹಾಕಬಹುದು. ನಿವಾಸಿಗೆ ಸಿಗುವುದು ಬಹುಮಹಡಿ ಕಟ್ಟಡದಲ್ಲಿ ಈಗಿನ ಲೆಕ್ಕಕ್ಕೆ 300 ಚದರ ಅಡಿಯ ಮನೆ, ಮಿಕ್ಕ ನೆಲದಲ್ಲಿ ಮಾರಾಟದ ಕಟ್ಟಡ. ಬಾಡಿಗೆ ಜೋಪಡಿಯಲ್ಲಿದ್ದವರಿಗೆ ಅದು ವರವಾಗಬಹುದು. ತಲೆಮಾರುಗಳಿಂದ ಸ್ವಂತ ಮನೆ, ಅಂಗಳ ಇರುವ ಕೋಲಿಗೆ ಅದು ನಷ್ಟ. ಬಲೆ ಹರವುವುದು ಎಲ್ಲಿ, ಸುಕಟ್, ಜವಳಾದಂಥ ಸಣ್ಣ ಸಿಗಡಿ ಒಣಗಿಸುವುದು ಎಲ್ಲಿ, ಮೀನಿನ ಬುಟ್ಟಿಯೊಂದಿಗೆ ಲಿಫ್ಟ್ ಹತ್ತಿದರೆ ಒಪ್ಪುವವರು ಯಾರು? 2012ರಲ್ಲಿ ಸಯನ್ ಕೋಲಿವಾಡದಲ್ಲೇ ಇಂಥ ಯೋಜನೆಗಾಗಿ ಮನೆ ಕೆಡವಲು ಬಂದಾಗ ನಿವಾಸಿಗಳು ಎದುರು ನಿಂತು ಪ್ರತಿಭಟಿಸಿದರು.

ಕಾನೂನು ಕೋಲಿವಾಡಗಳನ್ನು ಬೇರೆಯಾಗಿ ಗುರುತಿಸಿಯೂ ಇದೆ. 2011ರ ಕರಾವಳಿ ನಿಯಂತ್ರಣ ವಲಯ ಅಧಿಸೂಚನೆ ಬೃಹನ್ಮುಂಬಯಿಯ ಕೋಲಿವಾಡಗಳನ್ನು ಹೆಸರಿಸಿಯೇ ಹೇಳಿತ್ತು: 1981ರ ಅಭಿವೃದ್ಧಿ ಯೋಜನೆ ಅಥವಾ ಸರ್ಕಾರದ ದಾಖಲೆಯಲ್ಲಿರುವ ಮೀನುಗಾರರ ವಸತಿಗಳನ್ನು ನಕ್ಷೆಗೆ ತರಬೇಕು, ಮನೆ ಕಟ್ಟಿಕೊಳ್ಳಲು, ದುರಸ್ತಿ ಮಾಡಿಕೊಳ್ಳಲು ಅಲ್ಲಿನವರಿಗೆ ಅವಕಾಶವಿರಬೇಕು. ಆದ್ದರಿಂದ ಗಡಿ ಗುರುತಿಸುವ ಕೆಲಸವೇ ಇಲ್ಲಿ ಜೀವಾಳ. ಗಡಿಕಲ್ಲು ಎಲ್ಲಿ ಬೀಳುತ್ತದೆ ಎಂಬುದರ ಮೇಲೆ ಒಂದು ಮನೆ ಗ್ರಾಮಠಾಣದ್ದೋ ಕೊಳೆಗೇರಿಯದೋ ಎಂದು ತೀರ್ಮಾನವಾಗುತ್ತದೆ. ಬಲೆ ಒಣಗಿಸುವ ಬಯಲು, ಮೀನು ಹರವುವ ಅಂಗಳ ನಕ್ಷೆಯ ಹೊರಗುಳಿದರೆ ಮನೆ ಉಳಿದೂ ಊರು ಉಳಿಯುವುದಿಲ್ಲ.

ತಪ್ಪು ಕಲ್ಪನೆ 7: ನಗರದ ನಡುವೆಯೇ ಇರುವವರ ಲೆಕ್ಕ ಸರ್ಕಾರದ ಬಳಿ ಇದ್ದೇ ಇರುತ್ತದೆ, ಸಿಗದಿರುವುದು ದೂರದ ಕಾಡು, ಹಿಮದ ಹಳ್ಳಿಗಳ ಲೆಕ್ಕ

ಸತ್ಯ: ಉಲ್ಟಾ ಇದೆ. ಅಲಾಸ್ಕಾದ ಬೇರಿಂಗ್ ಸಮುದ್ರದ ದಡದಲ್ಲಿ ಟೊಕ್ಸೂಕ್ ಬೇ ಎಂಬ ಹಳ್ಳಿಯಿದೆ. ಅಲ್ಲಿರುವುದು ಯೂಪಿಕ್ ಆದಿವಾಸಿಗಳು, ಸುಮಾರು 660 ಜನ. ಮೀನು, ಸೀಲ್ ಹಿಡಿದು ಬದುಕುವವರು. ಹಿಮದ ಇಗ್ಲೂಗಳಲ್ಲಿ ಇರುತ್ತಾರೆಂದು ಅವರ ಬಗ್ಗೆಯೂ ಜನ ನಂಬಿದ್ದಾರೆ. ಅವರ ಪೂರ್ವಿಕರು ಕಟ್ಟಿಕೊಂಡದ್ದು ಮಣ್ಣು, ಹುಲ್ಲುಹೆಂಟೆಯ ಮನೆಗಳನ್ನು. ಹೊರಗಿನಿಂದ ರಸ್ತೆಯೇ ಇಲ್ಲದ ಆ ಊರಿನಿಂದಲೇ 2020ರ ಅಮೆರಿಕದ ಜನಗಣತಿ ಆರಂಭವಾಯಿತು. ಜನವರಿ 21ರಂದು ಗಣತಿ ಇಲಾಖೆಯ ನಿರ್ದೇಶಕರೇ ಬಂದು ಮೊದಲ ಮನೆಯ ಲೆಕ್ಕ ಬರೆದುಕೊಂಡರು. ವಸಂತ ಬಂದರೆ ಜನ ಬೇಟೆಗೆ, ಮೀನಿಗೆ ಚದುರಿಬಿಡುತ್ತಾರೆ. ನೆಲ ಹೆಪ್ಪುಗಟ್ಟಿರುವಾಗ ಓಡಾಟ ಸುಲಭ, ಎಲ್ಲರೂ ಮನೆಯಲ್ಲಿ ಸಿಗುತ್ತಾರೆ. ಜನರ ಬದುಕಿನ ಲಯಕ್ಕೆ ಗಣತಿ ಹೊಂದಿಕೊಂಡಿತು.

ಮುಂಬಯಿಯಲ್ಲಿ ಎಷ್ಟು ಕೋಲಿಗಳಿದ್ದಾರೆ ಎಂದು ಕೇಳಿದರೆ ನಮ್ಮ ಜನಗಣತಿಯಲ್ಲಿ ಉತ್ತರವಿಲ್ಲ. ಎಲ್ಲ ಜಾತಿಗಳ ಅಂಕಿಅಂಶ ಪೂರ್ತಿಯಾಗಿ ಪ್ರಕಟವಾದದ್ದು 1931ರಲ್ಲಿ, ಅದೇ ಕೊನೆ. ಸ್ವಾತಂತ್ರ್ಯದ ನಂತರದ ಗಣತಿಗಳು ಪರಿಶಿಷ್ಟ ಜಾತಿ, ಪಂಗಡಗಳನ್ನು ಮಾತ್ರ ಬೇರೆಯಾಗಿ ಎಣಿಸಿದವು. ಸೋನ್ ಕೋಲಿಗಳು ಆ ಪಟ್ಟಿಯಲ್ಲಿ ಇಲ್ಲದ್ದರಿಂದ ಒಟ್ಟು ಜನಸಂಖ್ಯೆಯಲ್ಲಿ ಕರಗಿಹೋದರು.

ಮೀನುಗಾರರ ಲೆಕ್ಕ ಬೇರೆ ಇದೆ. ಕೊಚ್ಚಿಯ ಕೇಂದ್ರೀಯ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ 2010ರ ಗಣತಿಯಂತೆ ಮಹಾರಾಷ್ಟ್ರದಲ್ಲಿ 456 ಕಡಲ ಮೀನುಗಾರ ಹಳ್ಳಿಗಳು, ಸುಮಾರು 3.86 ಲಕ್ಷ ಜನ. ಕರ್ನಾಟಕದಲ್ಲಿ 144 ಹಳ್ಳಿಗಳು, ಸುಮಾರು 1.67 ಲಕ್ಷ ಜನ. ಅದು ಕಸುಬಿನ ಲೆಕ್ಕ. ಮೀನುಗಾರಿಕೆ ಬಿಟ್ಟು ನೌಕರಿ ಹಿಡಿದ ಕೋಲಿ ಮನೆತನಗಳು ಎಷ್ಟೆಂದು ಅದರಿಂದ ತಿಳಿಯುವುದಿಲ್ಲ.

ಈಗ ಆಗಬೇಕಾದ್ದು

ಮುಂದಿನ ಜನಗಣತಿಯಲ್ಲಿ ಜಾತಿಯನ್ನೂ ಎಣಿಸುವುದಾಗಿ ಕೇಂದ್ರ ಸಚಿವ ಸಂಪುಟದ ರಾಜಕೀಯ ವ್ಯವಹಾರಗಳ ಸಮಿತಿ 2025ರ ಏಪ್ರಿಲ್ 30ರಂದು ತೀರ್ಮಾನಿಸಿತು. ದೇಶದ ಬಹುಭಾಗಕ್ಕೆ ಅದರ ಲೆಕ್ಕದ ದಿನ 2027ರ ಮಾರ್ಚ್ 1. ಎಣಿಸುವವರು ಬಾಗಿಲಿಗೆ ಬಂದಾಗ ಬರೀ ಕೋಲಿ ಎಂದು ಬರೆಸಿದರೆ ಮಹಾದೇವ ಕೋಲಿ, ಸೋನ್ ಕೋಲಿ, ಟೋಕ್ರೆ ಕೋಲಿ ಎಲ್ಲ ಮತ್ತೆ ಒಂದೇ ರಾಶಿಗೆ ಬೀಳುತ್ತಾರೆ. ಸ್ಪಷ್ಟವಾಗಿ ಬರೆಸುವುದು ಕೋಲಿಗಳ ಹಕ್ಕು. ಸ್ಪಷ್ಟವಾಗಿ ಬರೆದುಕೊಳ್ಳುವುದು ಗಣತಿದಾರರ ಕರ್ತವ್ಯ. ಬೀದರಿನಿಂದ ಕಲಬುರಗಿಯವರೆಗೆ ನಮ್ಮ ಸಮುದಾಯಗಳಿಗೂ ಈ ಮಾತು ಅಷ್ಟೇ ಸಲ್ಲುತ್ತದೆ.

ಆಂಟಾಪ್ ಹಿಲ್ ಸುತ್ತಮುತ್ತ ಇರುವ ಕನ್ನಡಿಗರ ಪಾಲಿನದ್ದೂ ಒಂದಿದೆ. ಪಕ್ಕದ ಊರನ್ನು ಕೊಳೆಗೇರಿ ಎಂದು ಕರೆಯುವುದನ್ನು ನಾವು ನಿಲ್ಲಿಸಬೇಕು. ಹೌಸಿಂಗ್ ಸೊಸೈಟಿಯ ಸಭೆಯಲ್ಲಿ ಯಾರಾದರೂ ಹಾಗೆಂದರೆ ಅಲ್ಲೇ ತಿದ್ದಬೇಕು. ಗಡಿ ಗುರುತಿಸುವ ವಿಚಾರದಲ್ಲಿ ಕೋಲಿಗಳು ಅಹವಾಲು ಕೊಟ್ಟಾಗ ನೆರೆಯವರ ಸಹಿಯೂ ಅದರ ಮೇಲಿರಬೇಕು. ಈ ನಗರದಲ್ಲಿ ನಮಗೆ ಜಾಗ ಸಿಕ್ಕಿದ್ದು ಅವರು ಮೊದಲು ಇದ್ದ ನೆಲದಲ್ಲಿ. ಅಷ್ಟು ಋಣ ನಮ್ಮ ಮೇಲಿದೆ.