ತಾತನ ಟ್ರಂಕಿನ ಬಕಲ್: ಹಳೇ ಜರ್ಮನ್ ಸೈನಿಕರ ಬೆಲ್ಟ್ ಬಕಲ್ ಮೇಲಿನ ಗುರುತು ಓದೋದು ಹೇಗೆ?

ಪುಣೆಯಲ್ಲಿ ನನ್ನ ಜೊತೆ ಕೆಲಸ ಮಾಡೋ ಗೆಳೆಯರೊಬ್ಬರು ಹೋದ ತಿಂಗಳು ಎರಡು ಬಕಲ್ ತಂದು ಟೇಬಲ್ ಮೇಲಿಟ್ಟರು. ಒಂದು ಅವರ ತಾತನ ಟ್ರಂಕಿನಲ್ಲಿ ಸಿಕ್ಕಿದ್ದು. ತಾತ ಮದ್ರಾಸ್ ಸ್ಯಾಪರ್ಸ್‌ನಲ್ಲಿದ್ದವರು, ಎರಡನೇ ಮಹಾಯುದ್ಧದಲ್ಲಿ ಇಟಲಿಗೆ ಹೋಗಿದ್ದವರು. ಇನ್ನೊಂದು ಇವರೇ ಮುಂಬೈನ ಒಂದು ಹಳೇ ಸಾಮಾನಿನ ಅಂಗಡಿಯಲ್ಲಿ ಏಳು ಸಾವಿರ ಕೊಟ್ಟು ತಂದಿದ್ದು. "ತಾತ ಕಥೆ ಕಟ್ತಿದ್ರು ಅಂತ ಮನೇಲಿ ಎಲ್ರೂ ನಗ್ತಾರೆ, ನೀವೇ ನೋಡಿ ಹೇಳಿ" ಅಂದರು.

ಮೊದಲು ಮುಂಭಾಗ. ಎರಡರ ಮೇಲೂ 'ಗಾಟ್ ಮಿಟ್ ಉನ್ಸ್' ಅಂತಿದೆ. 'ದೇವರು ನಮ್ಮ ಜೊತೆಗಿದ್ದಾನೆ' ಅಂತ ಅರ್ಥ. ಇದನ್ನು ನೋಡಿದ ಕೂಡಲೇ ಹಿಟ್ಲರ್ ಕಾಲದ್ದು ಅಂದುಕೊಳ್ಳಬೇಡಿ. ಪ್ರಷ್ಯಾದ ಸೈನಿಕರ ಬಕಲ್ ಮೇಲೆ 1847ರಿಂದಲೇ ಈ ಮಾತು ಇತ್ತು. ನಡುವೆ ಕಿರೀಟ ಇದ್ದರೆ ಅದು ಚಕ್ರಾಧಿಪತ್ಯದ ಕಾಲದ್ದು, ಅಂದರೆ 1918ಕ್ಕೆ ಮುಂಚಿನದು. ಹದ್ದು ಮತ್ತು ಸ್ವಸ್ತಿಕ ಇದ್ದರೆ 1936ರ ನಂತರದ ಭೂಸೇನೆಯದು. ಬವೇರಿಯಾದವರಿಗೆ ಬೇರೆಯೇ ಘೋಷವಾಕ್ಯ ಇತ್ತು: 'ಇನ್ ಟ್ರಾಯ್ ಫೆಸ್ಟ್'. ವಾಯುಪಡೆಯ ಬಕಲ್ ಮೇಲೆ ಹಾರುವ ಹದ್ದು ಮಾತ್ರ, ವಾಕ್ಯವೇ ಇಲ್ಲ.

ಈಗ ತಿರುಗಿಸಿ. ಅಸಲಿ ವಿಷಯ ಇರೋದು ಹಿಂದೆ. ಲೋಹದ ಮೇಲೆ ಸಣ್ಣ ಅಕ್ಷರ ಒತ್ತಿರುತ್ತಾರೆ, ಜೊತೆಗೆ ಬಕಲ್‌ಗೆ ಹೊಲಿದಿರೋ ಚರ್ಮದ ಪಟ್ಟಿಯ ಮೇಲೂ ಹೆಸರು, ಊರು, ಇಸವಿ ಇರಬಹುದು. ತಾತನ ಬಕಲ್‌ನ ಲೋಹದ ಮೇಲೆ 'ಬಿ & ಎನ್ ಎಲ್' ಅಂತಿತ್ತು. ಬರ್ಗ್ & ನೋಲ್ಟೆ, ಕೊನೆಯ 'ಎಲ್' ಅಂದರೆ ಲ್ಯೂಡೆನ್‌ಶೈಡ್ ಊರು. ಚರ್ಮದ ಮೇಲೂ ಅದೇ ಕಂಪನಿ ಹೆಸರು, 1941. ಎರಡೂ ತಾಳೆ ಆಯ್ತು. ಹೀಗೆ ತಾಳೆ ಆಗೋದೇ ಮೊದಲ ಒಳ್ಳೇ ಲಕ್ಷಣ.

ಈ ಲ್ಯೂಡೆನ್‌ಶೈಡ್ ಹೆಸರು ನಿಮಗೆ ಪದೇ ಪದೇ ಸಿಗುತ್ತೆ. ಪಶ್ಚಿಮ ಜರ್ಮನಿಯ ಈ ಊರು ಗುಂಡಿ ಮತ್ತು ಲೋಹದ ಅಚ್ಚಿನ ಕೆಲಸಕ್ಕೆ ಹೆಸರಾದದ್ದು. ಗುಂಡಿ ಒತ್ತುವ ಯಂತ್ರ, ಅಚ್ಚು, ಪಳಗಿದ ಕೈ ಮೊದಲೇ ಇದ್ದಮೇಲೆ ಬಕಲ್ ಒತ್ತೋದೇನು ಕಷ್ಟ? ಅಸ್ಮಾನ್, ಓವರ್‌ಹಾಫ್, ನೋಲೆ & ಹ್ಯೂಕ್ ಎಲ್ಲರೂ ಅಲ್ಲಿಯವರೇ. ಡ್ರಾನ್ಸ್‌ಫೆಲ್ಡ್ ಮಾತ್ರ ಹತ್ತಿರದ ಮೆಂಡೆನ್‌ನವರು.

ಹೊಸಬರು ಎಡವೋದು ಒಂದು ಕಡೆ. 'ಗೆಸ್. ಗೆಶ್.' ಅಂತ ಇದ್ದರೆ ಅದನ್ನೇ ತಯಾರಕರ ಹೆಸರು ಅಂದುಕೊಳ್ತಾರೆ. ಅದು 'ಕಾನೂನಿನ ರಕ್ಷಣೆ ಇದೆ' ಅನ್ನೋದರ ಸಂಕ್ಷೇಪ ಅಷ್ಟೇ, ನಮ್ಮ ಪೇಟೆಂಟ್ ನೋಂದಣಿ ಇದ್ದ ಹಾಗೆ. ಡಿ.ಆರ್.ಜಿ.ಎಂ. ಕೂಡ ಅಂಥದ್ದೇ. ಮೊದಲ ಮಹಾಯುದ್ಧದ ಚರ್ಮದ ಪಟ್ಟಿಯ ಮೇಲೆ 'ಬಿ.ಎ.' ಅಂತ ಶುರುವಾಗೋ ಮುದ್ರೆ ಇದ್ದರೆ ಅದು ಸೈನ್ಯದ ಬಟ್ಟೆ ಉಗ್ರಾಣದ್ದು, ಕಾರ್ಖಾನೆಯದಲ್ಲ. 'ಆರ್.ಜೆಡ್.ಎಂ. ಎಂ4' ಅಂದರೆ ನಾಜಿ ಪಕ್ಷದ ಸಂಘಟನೆಗಳ ಸರಕು, ಪಕ್ಕದ ಸಂಖ್ಯೆ ತಯಾರಕರದ್ದು. ಎರಡನೇ ಮಹಾಯುದ್ಧ ನಡೀತಿದ್ದಾಗ ಕಾರ್ಖಾನೆ ಹೆಸರು ಶತ್ರುಗಳಿಗೆ ತಿಳಿಯಬಾರದು ಅಂತ ಹೆಸರಿನ ಜಾಗದಲ್ಲಿ ಅಕ್ಷರಗಳ ಸಂಕೇತ ಬಂತು.

ಏಳು ಸಾವಿರದ ಬಕಲ್ ಸಿಕ್ಕಿಬಿದ್ದಿದ್ದು ಇಲ್ಲೇ! ಮುಂದೆ ಪ್ರಷ್ಯಾದ ಕಿರೀಟ, ಹಿಂದೆ ಮೂರು ಅಕ್ಷರದ ಯುದ್ಧಕಾಲದ ಸಂಕೇತ. 1918ಕ್ಕೆ ಮುಗಿದುಹೋದ ರಾಜ್ಯದ ಬಕಲ್‌ಗೆ 1940ರ ದಶಕದ ಸಂಕೇತ ಎಲ್ಲಿಂದ ಬಂತು? ಲೂಪ್ ಹಿಡಿದು ನೋಡಿದರೆ ಅಕ್ಷರದ ಅಂಚುಗಳೆಲ್ಲ ಸೋಪಿನ ಹಾಗೆ ಮೊಂಡು, ಅಲ್ಲಲ್ಲಿ ಸಣ್ಣ ಗುಳಿ. ಅಸಲಿ ಬಕಲ್‌ಗಳನ್ನು ತಗಡಿನಿಂದ ಅಚ್ಚಿನಲ್ಲಿ ಒತ್ತಿದ್ದು, ಇದು ಎರಕ ಹೊಯ್ದದ್ದು. ನಾಟಕ, ಸಿನಿಮಾ, ಹಳೇ ಯುದ್ಧ ಮರುಪ್ರದರ್ಶನ ಮಾಡೋರಿಗಾಗಿ ಇಂಥವನ್ನು ಮಾಡ್ತಾರೆ, ನಮ್ಮ ದೇಶದಲ್ಲೂ ಮಾಡ್ತಾರೆ. ಅದು ತಪ್ಪಲ್ಲ, ಹಳೇದು ಅಂತ ಮಾರೋದು ತಪ್ಪು. ಗೆಳೆಯರ ಮುಖ ಸಪ್ಪಗಾಯ್ತು. ದುಡ್ಡು ವಾಪಸ್ ಬರಲಿಲ್ಲ.

ಹಾಗಾದ್ರೆ ತಾತನ ಕಥೆ? 1941ರಲ್ಲಿ ತಯಾರಾದ ಬಕಲ್ ಆಮೇಲೆ ಇಟಲಿಯ ಜರ್ಮನ್ ಸೈನಿಕನ ಸೊಂಟದಲ್ಲಿ ಇದ್ದಿರೋದು ಪೂರಾ ಸಾಧ್ಯ. ಆದರೆ ಅದು ತಾತನ ಕೈಗೆ ಹೇಗೆ ಬಂತು ಅಂತ ಯಾವ ಮುದ್ರೆಯೂ ಹೇಳಲ್ಲ. ಅದಕ್ಕೆ ತಾತನ ಡಿಸ್ಚಾರ್ಜ್ ಪುಸ್ತಕ ಹುಡುಕಿ, ಕಂಪನಿ ಯಾವುದು, ಎಲ್ಲಿಗೆ ಹೋಗಿತ್ತು ನೋಡಿ ಅಂದೆ. ಅದೂ ಅದೇ ಟ್ರಂಕಿನಲ್ಲಿ ಇದೆಯಂತೆ. ಮುಂದಿನ ಸಲ ಊರಿಗೆ ಹೋದಾಗ ತರ್ತಾರೆ.

ನಿಮ್ಮ ಮನೆಯಲ್ಲೂ ಇದ್ದರೆ ಪೀತಾಂಬರಿ ಹಾಕಿ ತಿಕ್ಕಬೇಡಿ, ಚರ್ಮಕ್ಕೆ ಎಣ್ಣೆ ಹಚ್ಚಬೇಡಿ, ಅಕ್ಷರ ಅಳಿಸಿಹೋಗುತ್ತೆ. ಮೊಬೈಲ್ ಟಾರ್ಚನ್ನು ಓರೆಯಾಗಿ ಹಿಡಿದು ಫೋಟೋ ತೆಗೆಯಿರಿ. ಇನ್ನೊಂದು, ಸ್ವಸ್ತಿಕ ಇರೋ ಬಕಲ್ ಅನ್ನು ಜರ್ಮನಿಗೆ ಆನ್‌ಸೈಟ್ ಹೋಗುವಾಗ ಗೆಳೆಯರಿಗೆ ತೋರಿಸೋಣ ಅಂತ ಬ್ಯಾಗಿಗೆ ಹಾಕಿಕೊಳ್ಳಬೇಡಿ. ನಮ್ಮ ಹೊಸ್ತಿಲ ರಂಗೋಲಿಯ ಸ್ವಸ್ತಿಕ ಬೇರೆ, ಇದು ಬೇರೆ. ನಾಜಿ ಚಿಹ್ನೆಯನ್ನು ಅಲ್ಲಿ ಸಾರ್ವಜನಿಕವಾಗಿ ತೋರಿಸೋದು ಅಪರಾಧ.