ಮಳೆಗೆ ಮುಂಚೆ ಮೈದಾನದ ಲೆಕ್ಕ



ಪಂಪ್‌ವೆಲ್‌ಗೆ ಬಂದು ಹೋಗುವ ನಮಗೆ ಜೂನ್ ತಿಂಗಳ ಮೊದಲ ಜೋರು ಮಳೆ ಎಂದರೆ ಏನೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಫ್ಲೈಓವರ್ ಹತ್ತಿರ ನೀರು ನಿಲ್ಲುತ್ತದೆ, ಬಸ್ಸುಗಳು ಸಾಲುಗಟ್ಟುತ್ತವೆ, ನಾವು ಪ್ಯಾಂಟ್ ಮಡಚಿಕೊಂಡು ತರಗತಿಗೆ ಬರುತ್ತೇವೆ. ಆಗ ಎಲ್ಲರ ಬಾಯಲ್ಲೂ ಒಂದೇ ಮಾತು: “ಚರಂಡಿಯನ್ನು ಎಪ್ರಿಲ್‌ನಲ್ಲೇ ಸರಿ ಮಾಡಬೇಕಿತ್ತು.”

ಆಟದ ಮೈದಾನದ ಕಥೆಯೂ ಇದೇ. ಕಳೆದ ಮಳೆಗಾಲದಲ್ಲಿ ನಾವು ಭಾನುವಾರ ಫುಟ್‌ಬಾಲ್ ಆಡುವ ಜಾಗದಲ್ಲಿ ಕೆಸರಿಗೆ ಜಾರಿ ನನ್ನ ಕಾಲು ಉಳುಕಿತು. ಮೂರು ವಾರ ಆಡಲಾಗಲಿಲ್ಲ. ಜನವರಿಯಲ್ಲಿ ಅದೇ ಜಾಗ ಸಿಮೆಂಟಿನಂತೆ ಗಟ್ಟಿಯಾಗಿತ್ತು. ಬಿದ್ದ ಗೆಳೆಯನ ಮೊಣಕಾಲಿನ ಚರ್ಮವೇ ಎದ್ದು ಬಂತು. ಒಂದೇ ಮೈದಾನ ಮಳೆಗಾಲದಲ್ಲಿ ಕೆಸರು, ಬೇಸಿಗೆಯಲ್ಲಿ ಕಲ್ಲು ಆಗುವುದು ಏಕೆ? ಈ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದಾಗ ಅದು ಸಿಕ್ಕಿದ್ದು ನಾವು ಯಾರೂ ಆಡದ ಒಂದು ಆಟದಲ್ಲಿ. ಅದು ಗಾಲ್ಫ್.

ನಮ್ಮ ಊರಿನಲ್ಲೂ ಗಾಲ್ಫ್ ಮೈದಾನವಿದೆ. ಪಿಲಿಕುಳ ನಿಸರ್ಗಧಾಮಕ್ಕೆ ಮೃಗಾಲಯ, ತಾರಾಲಯ ನೋಡಲು ನಾವೆಲ್ಲ ಹೋಗಿದ್ದೇವೆ. ಅಲ್ಲಿಯೇ ಅದೂ ಇದೆ. ಬೆಂಗಳೂರಿನ ಗಾಲ್ಫ್ ಕ್ಲಬ್ 1876ರಷ್ಟು ಹಳೆಯದು. ಆದರೆ ನಮ್ಮಲ್ಲಿ ಹೆಚ್ಚಿನವರು ಗಾಲ್ಫ್ ಹೆಸರು ಸರಿಯಾಗಿ ಕೇಳಿದ್ದು 2021ರ ಆಗಸ್ಟ್‌ನಲ್ಲಿ. ಆಗ ಬೆಂಗಳೂರಿನ ಅದಿತಿ ಅಶೋಕ್ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಕೇವಲ ಒಂದು ಹೊಡೆತದ ಅಂತರದಲ್ಲಿ ಪದಕ ತಪ್ಪಿಸಿಕೊಂಡು 4ನೇ ಸ್ಥಾನ ಪಡೆದರು.

ಆ ಒಂದು ಹೊಡೆತ ಎಷ್ಟು ಸೂಕ್ಷ್ಮ ಎಂದು ತಿಳಿಯಲು ಹುಲ್ಲನ್ನು ನೋಡಬೇಕು. ಗಾಲ್ಫ್‌ನಲ್ಲಿ ಚೆಂಡು ಬೀಳಬೇಕಾದ ಕುಳಿಯ ಅಗಲ 108 ಮಿಲಿಮೀಟರ್. ಅದರ ಸುತ್ತಲಿನ ನಯವಾದ ಜಾಗಕ್ಕೆ ‘ಗ್ರೀನ್’ ಎನ್ನುತ್ತಾರೆ. ಅಲ್ಲಿ ಹುಲ್ಲನ್ನು ಸುಮಾರು 3ರಿಂದ 4 ಮಿ.ಮೀ. ಎತ್ತರಕ್ಕೆ ಕತ್ತರಿಸುತ್ತಾರೆ. ಹುಲ್ಲು ಸ್ವಲ್ಪ ಉದ್ದವಾದರೂ, ನೆಲ ಸ್ವಲ್ಪ ತಗ್ಗಾದರೂ ಚೆಂಡು ದಾರಿ ತಪ್ಪುತ್ತದೆ.

ವಸಂತ ಕಾಲದ ಕೆಲಸ ಎಂದರೇನು?

ಯುರೋಪ್, ಅಮೆರಿಕದಂತಹ ಕಡೆ ಚಳಿಗಾಲದಲ್ಲಿ ಹುಲ್ಲು ಬೆಳೆಯುವುದು ನಿಂತುಹೋಗುತ್ತದೆ. ವಸಂತದಲ್ಲಿ ಮಣ್ಣು ಬೆಚ್ಚಗಾಗಿ ಹುಲ್ಲು ಎಚ್ಚರವಾಗುವಾಗ ಮೈದಾನದ ದೊಡ್ಡ ರಿಪೇರಿಗಳನ್ನು ಮಾಡುತ್ತಾರೆ. ಕಾರಣ ಸರಳ. ಹುಲ್ಲಿಗೆ ಗಾಯ ಮಾಡಬೇಕಾದರೆ ಅದು ಬೇಗ ಬೆಳೆದು ಗಾಯ ಮುಚ್ಚಿಕೊಳ್ಳುವ ಸಮಯದಲ್ಲೇ ಮಾಡಬೇಕು.

ಬಿಸಿ ಪ್ರದೇಶದ ಗಾಲ್ಫ್ ಮೈದಾನಗಳಲ್ಲಿ ಹೆಚ್ಚಾಗಿ ಬಳಸುವುದು ಬರ್ಮುಡಾ ಹುಲ್ಲು. ಹೆಸರು ಕೇಳಿ ವಿದೇಶಿ ಎಂದುಕೊಂಡಿದ್ದೆ. ಅದು ನಮ್ಮ ಗರಿಕೆಯೇ! ನನ್ನ ದಾದಿ ಅದನ್ನು ಉರ್ದುವಿನಲ್ಲಿ ‘ದೂಬ್’ ಎನ್ನುತ್ತಾರೆ. ಅಂಗಳದಲ್ಲಿ ಎಷ್ಟು ಕಿತ್ತರೂ ಮತ್ತೆ ಬರುತ್ತದೆ ಎಂದು ಅವರಿಗೆ ಅದರ ಮೇಲೆ ಸಿಟ್ಟು. ಆ ಹಟವೇ ಅದರ ಗುಣ. ಅಮೆರಿಕದ ಜಾರ್ಜಿಯಾ ರಾಜ್ಯದ ಟಿಫ್ಟನ್ ಎಂಬಲ್ಲಿ ಗರಿಕೆಯನ್ನು ಆಫ್ರಿಕಾದ ಒಂದು ಹುಲ್ಲಿನೊಂದಿಗೆ ಬೆರಕೆ ಮಾಡಿ 1950 ಮತ್ತು 1960ರ ದಶಕದಲ್ಲಿ ಹೊಸ ತಳಿಗಳನ್ನು ತಯಾರಿಸಿದರು. ಲೋಕದ ಎಷ್ಟೋ ಗ್ರೀನ್‌ಗಳಲ್ಲಿ ಇಂದು ಇರುವುದು ಆ ತಳಿಗಳೇ.

ಮಂಗಳೂರಿನಲ್ಲಿ ಹುಲ್ಲು ನಿದ್ದೆ ಹೋಗುವಷ್ಟು ಚಳಿ ಇಲ್ಲ. ನಮ್ಮ ಗಡಿಯಾರ ಮಳೆ. ವರ್ಷದ ಮೂರು ಸಾವಿರ ಮಿ.ಮೀ.ಗೂ ಮೀರಿದ ಮಳೆಯಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದುಬಿಡುತ್ತದೆ. ಆದ್ದರಿಂದ ಮಾರ್ಚ್‌ನಿಂದ ಮೇವರೆಗಿನ ದಿನಗಳೇ ನಮಗೆ ವಸಂತ.

ಮುಖ್ಯ ಕೆಲಸಗಳು

ಮೊದಲನೆಯದು, ನೆಲಕ್ಕೆ ತೂತು ಹಾಕುವುದು. ಇದನ್ನು ಏರೇಶನ್ ಎನ್ನುತ್ತಾರೆ. ಜನರ ಕಾಲು, ಯಂತ್ರದ ಚಕ್ರ ಬಿದ್ದು ಬಿದ್ದು ಮಣ್ಣು ಒತ್ತಿಕೊಳ್ಳುತ್ತದೆ. ಕಣಗಳ ನಡುವೆ ಗಾಳಿಗೆ ಜಾಗ ಇರುವುದಿಲ್ಲ, ನೀರು ಇಳಿಯುವುದಿಲ್ಲ, ಬೇರು ಮೇಲೆಯೇ ಉಳಿಯುತ್ತದೆ. ಮಳೆಯಲ್ಲಿ ಕೆಸರು, ಬಿಸಿಲಿನಲ್ಲಿ ಕಲ್ಲು ಆಗುವುದು ಇದರಿಂದಲೇ. ನನ್ನ ಕಾಲಿನ ಪ್ರಶ್ನೆಗೆ ಉತ್ತರ ಇಲ್ಲಿ ಸಿಕ್ಕಿತು. ಗಾಲ್ಫ್ ಮೈದಾನದಲ್ಲಿ ಟೊಳ್ಳು ಮೊಳೆಗಳ ಯಂತ್ರದಿಂದ ಬೆರಳಿನ ಗಾತ್ರದ ಮಣ್ಣಿನ ತುಂಡುಗಳನ್ನು ಏಳೆಂಟು ಸೆಂಟಿಮೀಟರ್ ಆಳದಿಂದ ಹೊರತೆಗೆಯುತ್ತಾರೆ.

ಎರಡನೆಯದು, ಆ ತೂತುಗಳಿಗೆ ಮರಳು ತುಂಬುವುದು. ಮರಳು ಒತ್ತಿಕೊಳ್ಳುವುದಿಲ್ಲ, ನೀರಿಗೆ ದಾರಿ ಕೊಡುತ್ತದೆ, ತಗ್ಗುಗಳನ್ನೂ ಸಮ ಮಾಡುತ್ತದೆ. ಪಣಂಬೂರಿನಲ್ಲಿ ಬೇಕಾದಷ್ಟು ಮರಳಿದೆಯಲ್ಲ ಎಂದು ಕೇಳಬೇಡಿ. ಕಡಲ ಮರಳಿನಲ್ಲಿ ಉಪ್ಪಿರುತ್ತದೆ, ತೊಳೆದು ಸಮನಾಗಿ ಜರಡಿ ಹಿಡಿದ ಮರಳೇ ಬೇಕು.

ಮೂರನೆಯದು, ಹುಲ್ಲಿನ ಬುಡದಲ್ಲಿ ಸೇರಿಕೊಂಡ ಒಣ ಕಸದ ಪದರವನ್ನು ಕೆರೆದು ತೆಗೆಯುವುದು. ಅದು ದಪ್ಪವಾದರೆ ಸ್ಪಂಜಿನಂತೆ ನೀರು ಹಿಡಿದಿಟ್ಟುಕೊಂಡು ರೋಗ ತರುತ್ತದೆ.

ನಾಲ್ಕನೆಯದು, ಚರಂಡಿ. ಗುಡ್ಡದ ಕೆಂಪುಕಲ್ಲಿನ ಮೇಲೆ ಮಣ್ಣು ತೆಳ್ಳಗಿರುವ ನಮ್ಮ ಕಡೆ ನೀರು ಹೋಗಲು ದಾರಿ ಮಾಡದಿದ್ದರೆ ಒಂದೇ ಮಳೆಗೆ ಮೇಲ್ಮಣ್ಣು ಕೊಚ್ಚಿಹೋಗುತ್ತದೆ. ಗೊಬ್ಬರವನ್ನೂ ದೊಡ್ಡ ಮಳೆಯ ಮುನ್ನಾ ದಿನ ಹಾಕಬಾರದು, ಅದು ನೇರವಾಗಿ ಹೊಳೆ ಸೇರುತ್ತದೆ.

ಈ ಕೆಲಸ ಮುಗಿದ ಮೇಲೆ ಒಂದೆರಡು ವಾರ ಗ್ರೀನ್ ನೋಡಲು ಚೆನ್ನಾಗಿರುವುದಿಲ್ಲ. ಚೆಂಡು ಕುಣಿಯುತ್ತಾ ಹೋಗುತ್ತದೆ, ಆಟಗಾರರು ಗೊಣಗುತ್ತಾರೆ. ಆದರೂ ಮಾಡಲೇಬೇಕು.

ಕಾಮರ್ಸ್ ವಿದ್ಯಾರ್ಥಿಯ ಕಣ್ಣಿನಿಂದ

ಅಕೌಂಟೆನ್ಸಿಯಲ್ಲಿ ನಾವು ಎರಡು ಬಗೆಯ ಖರ್ಚು ಓದಿದ್ದೇವೆ. ತೂತು ಹಾಕುವುದು, ಮರಳು, ಬ್ಲೇಡ್ ಹರಿತ ಮಾಡುವುದು ಎಲ್ಲವೂ ರೆವೆನ್ಯೂ ಖರ್ಚು. ಇದ್ದ ಆಸ್ತಿಯನ್ನು ಇದ್ದಂತೆ ಉಳಿಸುವುದು ಇದರ ಕೆಲಸ. ಹೊಸ ಕೊಳವೆ ಜಾಲ ಹಾಕುವುದು ಕ್ಯಾಪಿಟಲ್ ಖರ್ಚು. ಅದರ ಲಾಭ ಹಲವು ವರ್ಷ ಬರುತ್ತದೆ. ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ 2017ರಲ್ಲಿ ‘ಸಬ್‌ಏರ್’ ವ್ಯವಸ್ಥೆ ಬಂತು. ನೆಲದಡಿಯ ಕೊಳವೆಗಳಿಂದ ಮಳೆನೀರನ್ನು ಎಳೆದು, ಬೇರಿಗೆ ಗಾಳಿ ಊದುವ ಯಂತ್ರ ಅದು. ಅದು ಹುಟ್ಟಿದ್ದು ಅಮೆರಿಕದ ಅಗಸ್ಟಾ ಗಾಲ್ಫ್ ಮೈದಾನದಲ್ಲಿ.

ಒಂದು ವಿಷಯ ನನ್ನನ್ನು ಯೋಚನೆಗೆ ಹಚ್ಚಿತು. ಭೂಮಿಗೆ ಸವಕಳಿ ಇಲ್ಲ ಎಂದು ನಾವು ಕಲಿಯುತ್ತೇವೆ. ಪುಸ್ತಕದಲ್ಲಿ ಅದು ಸರಿ. ಆದರೆ ಆಡುವ ನೆಲ ದಿನವೂ ಸವೆಯುತ್ತದೆ. ಒಂದು ವರ್ಷ ರಿಪೇರಿ ಮಾಡದಿದ್ದರೆ ಖರ್ಚು ಉಳಿದು ಲಾಭ ಹೆಚ್ಚಾದಂತೆ ಕಾಣುತ್ತದೆ. ಆ ನಷ್ಟ ಯಾವ ಲೆಡ್ಜರ್‌ನಲ್ಲೂ ಬರುವುದಿಲ್ಲ, ಆಡುವವರ ಮೊಣಕಾಲಿನಲ್ಲಿ ಬರುತ್ತದೆ.

ನೀರಿನ ಪ್ರಶ್ನೆ

ಗಾಲ್ಫ್ ಬಗ್ಗೆ ಒಳ್ಳೆಯದನ್ನೇ ಹೇಳಿ ಮುಗಿಸಿದರೆ ಪ್ರಾಮಾಣಿಕತೆ ಆಗದು. ಬೇಸಿಗೆಯಲ್ಲಿ ಒಂದು ದೊಡ್ಡ ಗಾಲ್ಫ್ ಮೈದಾನಕ್ಕೆ ದಿನಕ್ಕೆ ಲಕ್ಷಗಟ್ಟಲೆ ಲೀಟರ್ ನೀರು ಬೇಕಾಗುತ್ತದೆ. 2019ರ ಮೇ ತಿಂಗಳಲ್ಲಿ ತುಂಬೆ ಅಣೆಕಟ್ಟಿನಲ್ಲಿ ನೀರು ಇಳಿದು ನಗರಕ್ಕೆ ಸರದಿಯ ಪ್ರಕಾರ ನೀರು ಬಿಟ್ಟದ್ದು ನನಗೆ ನೆನಪಿದೆ. ಅಮ್ಮಿ ಮನೆಯ ಎಲ್ಲಾ ಬಕೆಟ್, ಡ್ರಮ್ಮುಗಳನ್ನು ತುಂಬಿಸಿಡುತ್ತಿದ್ದರು. ಅಂಥ ದಿನಗಳಲ್ಲಿ ಕುಡಿಯುವ ನೀರನ್ನು ಹುಲ್ಲಿಗೆ ಹಾಕುವುದು ತಪ್ಪು. ಅದಕ್ಕಾಗಿಯೇ ಇಂದು ಎಷ್ಟೋ ದೇಶಗಳ ಗಾಲ್ಫ್ ಮೈದಾನಗಳು ಸಂಸ್ಕರಿಸಿದ ಕೊಳಚೆ ನೀರನ್ನು, ಕೆರೆಯಲ್ಲಿ ಸಂಗ್ರಹಿಸಿದ ಮಳೆನೀರನ್ನು ಬಳಸುತ್ತವೆ. ಬೇರು ಆಳಕ್ಕೆ ಇಳಿದರೆ ಹುಲ್ಲಿಗೆ ನೀರೂ ಕಡಿಮೆ ಸಾಕು. ಬೇರು ಇಳಿಯಲು ಮತ್ತೆ ಆ ತೂತುಗಳೇ ಬೇಕು.

ನಾವೇನು ಮಾಡಬಹುದು?

ನಮ್ಮಲ್ಲಿ ಯಂತ್ರವಿಲ್ಲ, ದುಡ್ಡೂ ಇಲ್ಲ. ಆದರೆ ತೋಟದಲ್ಲಿ ಬಳಸುವ ನಾಲ್ಕು ಹಲ್ಲಿನ ಕಬ್ಬಿಣದ ಫೋರ್ಕ್ ಸಿಗುತ್ತದೆ. ಗೋಲ್ ಕಂಬಗಳ ಮುಂದಿನ ಜಾಗ ಎಲ್ಲಕ್ಕಿಂತ ಹೆಚ್ಚು ಗಟ್ಟಿಯಾಗಿರುತ್ತದೆ. ಮೇ ತಿಂಗಳಲ್ಲಿ ಒಂದು ಮಳೆ ಬಿದ್ದು ನೆಲ ಮೆತ್ತಗಾದ ಮರುದಿನ ಇಪ್ಪತ್ತು ಜನ ಸೇರಿ ಅಷ್ಟು ಜಾಗಕ್ಕೆ ಗೇಣಿಗೊಂದರಂತೆ ಚುಚ್ಚಿ, ಮರಳು ಗುಡಿಸಿ, ಅಂಚಿನ ಚರಂಡಿಯ ಎಲೆ ತೆಗೆಯಬಹುದು. ಹುಲ್ಲು ಸತ್ತ ಕಡೆ ಗರಿಕೆಯ ತುಂಡು ನೆಟ್ಟರೆ ಮಳೆಯೇ ಬೆಳೆಸುತ್ತದೆ. ವುಝೂ ಮಾಡಿದ ನೀರಿನಲ್ಲಿ ಸೋಪು ಇರುವುದಿಲ್ಲ, ಬೇಸಿಗೆಯಲ್ಲಿ ಅದನ್ನು ಹುಲ್ಲಿಗೆ ತಿರುಗಿಸಬಹುದೇ ಎಂದೂ ನೋಡಬಹುದು.

ಬರುವ ಭಾನುವಾರ ನಾನು ನಮ್ಮ ಆಟದ ಮೈದಾನದಲ್ಲಿ ಫೋರ್ಕ್ ಹಿಡಿದು ಇರುತ್ತೇನೆ. ಗೆಳೆಯರಲ್ಲಿ ನಾಲ್ವರು ಬರುತ್ತೇನೆ ಎಂದಿದ್ದಾರೆ. ಇನ್ನೂ ಹದಿನೈದು ಜನ ಬೇಕು.