ಮಣ್ಣು ಎತ್ತಾಗುವ ಬಗೆ

ಮಡಕೆಗಿಂತಲೂ ಮೊದಲೇ ಮಾನವನು ಮಣ್ಣಿನಿಂದ ಪ್ರಾಣಿಗಳನ್ನು ಮಾಡಿದನೆಂದರೆ ನಿಮಗೆ ಅಚ್ಚರಿಯಾಗಬಹುದು. ಇಂದಿನ ಚೆಕ್ ದೇಶದ ದೋಲ್ನಿ ವೆಸ್ತೊನಿಟ್ಸೆ ಎಂಬಲ್ಲಿ 25,000 ವರ್ಷಗಳಿಗೂ ಹಿಂದೆ ಬೆಂಕಿಯಲ್ಲಿ ಸುಟ್ಟ ಕರಡಿ, ಸಿಂಹಗಳ ಪುಟ್ಟ ರೂಪಗಳು ದೊರೆತಿವೆ. 4,000 ವರ್ಷಗಳಿಗೂ ಹಿಂದಿನ ಸಿಂಧೂ ನಗರಗಳಲ್ಲಿ ಹಿಣಿಲುಳ್ಳ ಮಣ್ಣಿನ ಗೂಳಿಗಳು ಸಿಕ್ಕಿವೆ. ಉತ್ತರ ಕರ್ನಾಟಕದ ರೈತರು ಇಂದಿಗೂ ಜ್ಯೇಷ್ಠಮಾಸದ ಮಣ್ಣೆತ್ತಿನ ಅಮಾವಾಸ್ಯೆಯಂದು ಹಸಿಮಣ್ಣಿನ ಎತ್ತುಗಳನ್ನು ಪೂಜಿಸುತ್ತಾರೆ. ತನ್ನೊಡನೆ ಬಾಳಿದ ಜೀವವನ್ನು ಕೈಯಾರೆ ರೂಪಿಸುವ ಹಂಬಲ ಅಷ್ಟು ಹಳೆಯದು.

ಮಂಡ್ಯ, ಮದ್ದೂರು, ಮಳವಳ್ಳಿಗಳ ಸೀಮೆಯಲ್ಲಿ ಈ ಕಲೆಗೆ ಬೇಕಾದುವೆರಡೂ ಉಂಟು: ಒಂದು, ಕೆರೆಯಂಗಳದ ಜೇಡಿಮಣ್ಣು, ಇನ್ನೊಂದು, ಹಳ್ಳಿಕಾರ್ ಎತ್ತು, ಬಂಡೂರು ಕುರಿಗಳಂಥ ನಾಡತಳಿಗಳು. ಬಂಡೂರು ಮಳವಳ್ಳಿ ತಾಲ್ಲೂಕಿನದೇ ಒಂದು ಊರು. ಇಲ್ಲಿ ಪ್ರಾಣಿರೂಪಗಳನ್ನು ಮಾಡಹೊರಟ ಕಲಾವಿದನಿಗೆ ಗುರುಗಳು ಇಬ್ಬರು: ಮಣ್ಣು ಮತ್ತು ಪ್ರಾಣಿ.

ಮಣ್ಣಿನ ಪಾಠ ಕುಂಬಾರನ ಮನೆಯಲ್ಲಿ ಆರಂಭವಾಗುತ್ತದೆ. ಕಲ್ಲು, ಬೇರುಗಳನ್ನು ಆರಿಸಿ, ನೆನೆಸಿ, ತುಳಿದು, ನಾದಿ ಹದಗೊಳಿಸಿದ ಮಣ್ಣು ಒಣಗುವಾಗ ಕುಗ್ಗುತ್ತದೆ. ತೆಳುವಾದ ಕಿವಿ ಬೇಗ ಒಣಗಿ, ದಪ್ಪನಾದ ಒಡಲು ತಡವಾಗಿ ಒಣಗಿದರೆ ನಡುವೆ ಬಿರುಕು ಬಿಡುತ್ತದೆ. ಅದಕ್ಕಾಗಿ ಮಣ್ಣಿಗೆ ಸಣ್ಣ ಮರಳನ್ನು ಬೆರೆಸಿ, ಬೊಂಬೆಯನ್ನು ನೆರಳಿನಲ್ಲಿ ನಿಧಾನವಾಗಿ ಒಣಗಿಸಬೇಕು. ಒಡಲು ಗಟ್ಟಿಮುದ್ದೆಯಾಗಿದ್ದರೆ, ಆವಿಗೆಯಲ್ಲಿ, ಎಂದರೆ ಕುಂಬಾರನ ಗೂಡಿನಲ್ಲಿ, ಒಳಗುಳಿದ ನೀರು ಉಗಿಯಾಗಿ, ಹೊರಬರಲು ದಾರಿಯಿಲ್ಲದೆ, ಬೊಂಬೆಯನ್ನೇ ಸಿಡಿಸುತ್ತದೆ. ಆದುದರಿಂದ ದೊಡ್ಡ ಎತ್ತು ಒಳಗೆ ಟೊಳ್ಳಾಗಿರಬೇಕು. ಉಗಿ ಹೊರಹೋಗಲು ಎಲ್ಲಿಯಾದರೂ ಒಂದು ರಂಧ್ರವಿರಬೇಕು. ಹೊರಗಿನಿಂದ ಅದು ಎತ್ತು, ಒಳಗಿನಿಂದ ಮಡಕೆಯೇ! ತಮಿಳುನಾಡಿನ ಅಯ್ಯನಾರ್ ಗುಡಿಗಳ ಮುಂದೆ ನಿಲ್ಲಿಸುವ ಆಳೆತ್ತರದ ಮಣ್ಣಿನ ಕುದುರೆಗಳೂ ಹೀಗೆ ಟೊಳ್ಳಾದುವೇ.

ಪ್ರಾಣಿಯ ಪಾಠ ನಡೆಯುವುದು ಕೊಟ್ಟಿಗೆಯಲ್ಲಿ, ದನಗಳ ಜಾತ್ರೆಯಲ್ಲಿ. ಹಳ್ಳಿಕಾರ್ ಎತ್ತಿನ ಮುಖ ನೀಳ. ಹಣೆ ಉಬ್ಬಿದ್ದು, ನಡುವೆ ಗೆರೆಯಂಥ ತಗ್ಗು. ಕೊಂಬುಗಳು ಒತ್ತಾಗಿ ಹುಟ್ಟಿ, ಹಿಂದಕ್ಕೆ ಸಾಗಿ, ತುದಿಯಲ್ಲಿ ಮುಂದಕ್ಕೆ ಬಾಗುತ್ತವೆ. ಬಂಡೂರು ಕುರಿಯಾದರೋ ಗಿಡ್ಡ, ಮೈ ದುಂಡು. ಹಿಂದಿನಿಂದ ನೋಡಿದರೆ ಕಮಾನಿನಂತೆ ಕಾಣುತ್ತದೆ. ಇವನ್ನು ಕಂಡರಿಯದ ಕೈ ಎಲ್ಲ ಪ್ರಾಣಿಗಳನ್ನೂ ಒಂದೇ ಅಚ್ಚಿನಲ್ಲಿ ಒತ್ತೀತು.

ಕೆಲವೊಮ್ಮೆ ಗುರುಗಳಿಬ್ಬರ ಮಾತು ಹೊಂದುವುದಿಲ್ಲ. ಎತ್ತಿನ ಕಾಲು ಸಣ್ಣದು. ಆದರೆ ಹಸಿಮಣ್ಣಿನ ಸಣ್ಣ ಕಾಲು ಒಡಲ ಭಾರವನ್ನು ಹೊರಲಾರದು. ಆಗ ಕಲಾವಿದನು ಕಾಲನ್ನು ದಪ್ಪವಾಗಿಸುತ್ತಾನೆ, ಇಲ್ಲವೆ ಎತ್ತನ್ನು ಮಲಗಿಸುತ್ತಾನೆ; ಅದರ ಗತ್ತನ್ನು ಕೊಂಬು, ಹಿಣಿಲು, ಗಂಗೆದೊಗಲುಗಳಲ್ಲಿ ಉಳಿಸಿಕೊಳ್ಳುತ್ತಾನೆ. ಯಾವುದನ್ನು ಬಿಡಬಹುದು, ಯಾವುದನ್ನು ಬಿಡಬಾರದು ಎಂಬ ಈ ವಿವೇಕವೇ ಕಲೆ.

ಟ್ರ್ಯಾಕ್ಟರು ಬಂದ ಮೇಲೆ ಎತ್ತಿನ ಜೋಡಿಗಳು ವಿರಳವಾಗಿವೆ. ಪ್ಲಾಸ್ಟಿಕ್ ಕೊಡ ಬಂದ ಮೇಲೆ ಅನೇಕ ಆವಿಗೆಗಳು ತಣ್ಣಗಾಗಿವೆ. ಇಬ್ಬರು ಗುರುಗಳೂ ಒಟ್ಟಿಗೆ ದೂರವಾಗುತ್ತಿರುವ ಕಾಲವಿದು. ಸುಮಾರು 600 ಡಿಗ್ರಿ ಸೆಲ್ಸಿಯಸ್ ಶಾಖವನ್ನು ದಾಟಿ ಬೆಂದ ಮಣ್ಣು ಮತ್ತೆ ನೀರಿನಲ್ಲಿ ಕರಗಿ ಕೆಸರಾಗದು. ಸರಿಯಾಗಿ ಕಂಡು ಮಾಡಿದ ಎತ್ತು, ಕೊಟ್ಟಿಗೆ ಬರಿದಾದ ಮೇಲೂ ತನ್ನ ಕುಲದ ನಿಲುವನ್ನು ಹೇಳುತ್ತಿರುತ್ತದೆ. ಆದರೆ ಕಾಣುವ ಕೆಲಸ ಎತ್ತು ಕಣ್ಣೆದುರಿಗೆ ಇರುವಾಗಲೇ ಆಗಬೇಕು.